ಹಸಿದ ಕೌದಿಗಳ ವಿಷಯವಾಗಿ ಅಜೈಲ್ ಮಾಸ್ತರರಿಗೆ

ಶ್ರೀಮಾನ್ ರಾಮಲಿಂಗ ಅವರ ಸನ್ನಿಧಿಗೆ,
ಅಜೈಲ್ ಮಾರ್ಗದರ್ಶಕರು ಹಾಗೂ ಪ್ರಮಾಣಪತ್ರ ಪಡೆದ ಸ್ಕ್ರಮ್ ಮಾಸ್ಟರ್,
ಚುರುಕು ಹೆಜ್ಜೆ ಪ್ರತಿಷ್ಠಾನ, ಯಾದಗಿರಿ.

ವಿಷಯ: ತಮ್ಮ ವಾರ್ಷಿಕ ವರದಿಯ ಹನ್ನೊಂದನೆಯ ಪುಟದಲ್ಲಿ ಅಚ್ಚಾಗಿರುವ ಕೂಸಿನ ಕೌದಿಯ ಕುರಿತು.

ಮಾನ್ಯರೇ,

ತಾವು ಯಾದಗಿರಿಯ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕ್ಷೇಮವಾಗಿದ್ದೀರಿ, ತಮ್ಮ ಹಳದಿ ಚೀಟಿಗಳ ಅಂಟು ಇನ್ನೂ ಆರಿಲ್ಲ, ತಮ್ಮ ಬಿಳಿ ಹಲಗೆಯ ಮೇಲಿನ ಗೆರೆಗಳು ಇನ್ನೂ ನೆಟ್ಟಗಿವೆ ಎಂದು ನಂಬಿ, ರಂಗಂಪೇಟೆಯ ಕೌದಿ ಹೊಲಿಯುವ ಹೆಣ್ಣುಮಕ್ಕಳ ಸಂಘದ ಹನ್ನೊಂದು ಜನರ ಪರವಾಗಿ ನೆಲದ ಮೇಲೆ ಕುಳಿತಲ್ಲಿಂದಲೇ ತಮಗೆ ಕೈ ಮುಗಿಯುತ್ತಿದ್ದೇನೆ. ದೊಡ್ಡವರಿಗೆ ಎದ್ದು ನಿಂತು ಕೈ ಮುಗಿಯುವುದು ನಮ್ಮಲ್ಲಿಯೂ ಪದ್ಧತಿಯೇ. ಆದರೆ ತಾವು ಆರು ತಿಂಗಳು ದಿನಾಲೂ ನಮ್ಮನ್ನು ನಿಲ್ಲಿಸಿದ್ದರಿಂದ, ಮುಂದಿನ ಎರಡು ವರ್ಷಕ್ಕೆ ಆಗುವಷ್ಟು ನಿಂತು ಮುಗಿಸಿದ್ದೇವೆಂದು ಭಾವಿಸಿ ಮನ್ನಿಸಬೇಕು.

ನಾನು ಸಂಘದ ಕಾರ್ಯದರ್ಶಿ ರೇಣುಕಾದೇವಿ. ನನ್ನ ತಂದೆ ಸುರಪುರದ ತಹಶೀಲ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಮೂವತ್ತು ವರ್ಷ ಜನರಿಗೆ ಅರ್ಜಿ ಬರೆದುಕೊಟ್ಟವರು. "ಬೈಯೂದಿದ್ರ ಮೊದಲ ಕಾಲು ಮುಟ್ಟಬೇಕವ್ವಾ, ಅಂದ್ರ ಅವರು ಬಗ್ಗಿ ಕೇಳತಾರ" ಎಂದು ಅವರು ಹೇಳುತ್ತಿದ್ದರು. ಆ ವಿದ್ಯೆಯೇ ನನಗೆ ಬಂದ ಆಸ್ತಿ. ಆದ್ದರಿಂದ ಈ ಪತ್ರದಲ್ಲಿ ತಮ್ಮ ಪಾದಗಳನ್ನು ನಾನು ಆಗಾಗ ಮುಟ್ಟುತ್ತಿರುತ್ತೇನೆ, ಸಾವಕಾಶವಾಗಿ ಬಗ್ಗಿ ಓದಬೇಕಾಗಿ ವಿನಂತಿ.

ತಾವು ನಮ್ಮ ಓಣಿಗೆ ಮೊದಲು ಕಾಲಿಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. ಹೈದರಾಬಾದಿನಲ್ಲಿ ಎರಡು ದಿನದ ತರಬೇತಿ ಮುಗಿಸಿ, ತಮ್ಮ ಫೋಟೋ ಇರುವ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿಸಿಕೊಂಡು ಬಂದಿದ್ದಿರಿ. ನಮ್ಮ ಸಂಘದ ಹಿರಿಯರಾದ ಮಕ್ತುಂಬಿಯವರು, ಅರವತ್ತು ವರ್ಷದಿಂದ ಸೂಜಿ ಹಿಡಿದವರು, ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಎರಡ ದಿನದಾಗ ಮಾಸ್ತರ ಆಗ್ಯಾನ, ಭಾರಿ ಶಾಣ್ಯಾ ಇದ್ದಾನ ಹುಡುಗ" ಎಂದು ಮೆಚ್ಚಿದರು. ತಾವು ಗೋಡೆಗೆ ಬಿಳಿ ಹಲಗೆ ಬಡಿಸಿ, ಅದರ ಮೇಲೆ ಗೆರೆ ಎಳೆದು, ಅಜೈಲ್ ಎಂಬುದನ್ನು ತಿಳಿಸಿ ಹೇಳಿದಿರಿ. ಒಂದೇ ಸಲಕ್ಕೆ ದೊಡ್ಡ ಯೋಜನೆ ಹಾಕಿ ಕೊನೆಗೆ ಕಣ್ಣು ಬಿಡುವ ಬದಲು, ಕೆಲಸವನ್ನು ಸ್ವಲ್ಪ ಸ್ವಲ್ಪ ಮಾಡಿ, ಗಿರಾಕಿಗೆ ತೋರಿಸಿ, ಅವರು ಹೇಳಿದ್ದನ್ನು ಕೇಳಿ ತಿದ್ದಿಕೊಳ್ಳುತ್ತ ಹೋಗುವ ಪದ್ಧತಿ ಇದು, ಸಾಫ್ಟ್‌ವೇರ್ ಮಾಡುವ ಜನ ಇದನ್ನು ಕಂಡುಹಿಡಿದರು ಎಂದಿರಿ. ಮಕ್ತುಂಬಿಯವರು, "ಕಂಡುಹಿಡದರೇನಪಾ? ಹಂಗಾದ್ರ ಮೊದಲ ಎಲ್ಲಿ ಕಳಕೊಂಡಿದ್ರು?" ಎಂದು ಕೇಳಿದ್ದಕ್ಕೆ ತಾವು ನಕ್ಕು ಮುಂದಿನ ವಿಷಯಕ್ಕೆ ಹೋದಿರಿ. ಆ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ ಎಂಬುದನ್ನು ಇಲ್ಲಿಯೇ ದಾಖಲಿಸುತ್ತೇನೆ.

ಮರುದಿನದಿಂದ ನಿಲ್ಲುವ ಸಭೆ ಆರಂಭವಾಯಿತು. ಕೌದಿ ಎಂಬುದು ಕಾಲು ಚಾಚಿ ಕುಳಿತು, ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಇಟ್ಟು, ನಾಲ್ಕು ಜನ ನಾಲ್ಕು ಕಡೆಯಿಂದ ಹೊಲಿಯುವ ವಸ್ತು. ಅದರ ಬಗ್ಗೆ ನಿಂತು ಮಾತಾಡಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ನಿಂತರೆ ಜನ ಬೇಗ ಮಾತು ಮುಗಿಸುತ್ತಾರೆ, ಹದಿನೈದೇ ನಿಮಿಷ ಸಾಕು ಎಂದು ತಾವು ಲೆಕ್ಕ ಹಾಕಿದ್ದಿರಿ. ಆದರೆ "ನಿನ್ನೆ ಏನು ಮಾಡಿದಿರಿ?" ಎಂದು ಹನ್ನೊಂದು ಹೆಣ್ಣುಮಕ್ಕಳನ್ನು ಒಬ್ಬ ಗಂಡಸು ನಿಜವಾಗಿಯೂ ಕೇಳಿದ್ದು ನಮ್ಮ ಓಣಿಯ ಇತಿಹಾಸದಲ್ಲಿಯೇ ಮೊದಲು. ಹೇಳದೇ ಇರುವುದಾದರೂ ಹೇಗೆ? ಬೆಳಿಗ್ಗೆ ನಳದಲ್ಲಿ ನೀರು ಬಾರದ್ದರಿಂದ ಹಿಡಿದು ರಾತ್ರಿ ಪುಂಡಿಪಲ್ಲೆಗೆ ಉಪ್ಪು ಹೆಚ್ಚಾದ ತನಕ ಎಲ್ಲವನ್ನೂ ಹೇಳಿದೆವು. ಮೊದಲ ದಿನದ ಹದಿನೈದು ನಿಮಿಷ ಊಟದ ಹೊತ್ತಿಗೆ ಮುಗಿಯಿತು.

ಆಮೇಲೆ ತಾವು, "ನಿಮ್ಮ ಕೆಲಸಕ್ಕೆ ಅಡ್ಡಿ ಏನೇನು ಅದಾವ ಹೇಳ್ರಿ, ಅಡ್ಡಿ ತಗದು ಹಾಕೂದು ನನ್ನ ಜವಾಬ್ದಾರಿ" ಎಂದು ಅಭಯ ಕೊಟ್ಟಿರಿ. ಏಳು ಜನ "ಅತ್ತಿ" ಎಂದರು. ತಾವು ಏಳು ಹಳದಿ ಚೀಟಿಗಳ ಮೇಲೆ ಅತ್ತೆ ಎಂದು ಚಂದದ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಸೊಸೆಯ ಹೆಸರು ಹಾಕಿ, ಅಡ್ಡಿಗಳ ಸಾಲಿನಲ್ಲಿ ಅಂಟಿಸಿ, ಗಟ್ಟಿಯಾಗಿ ಓದಿ ಹೇಳಿದಿರಿ. ಅದರಲ್ಲಿ ಒಂದು ಚೀಟಿ ಮಕ್ತುಂಬಿಯವರ ಸೊಸೆ ರುಕ್ಸಾನಾ ಬರೆಸಿದ್ದು, ಮಕ್ತುಂಬಿಯವರು ತಮ್ಮ ಎಡಕ್ಕೇ ನಿಂತಿದ್ದರು. ಆ ಮನೆಯಲ್ಲಿ ಮುಂದಿನ ಎಂಟು ದಿನ ಅತ್ತೆ ಸೊಸೆ ಒಬ್ಬರಿಗೊಬ್ಬರು ಮಾತಾಡದೆ, ಚಹಾ ಬೇಕೆಂದರೂ ಪಕ್ಕದ ಮನೆಯವರ ಮೂಲಕ ಹೇಳಿ ಕಳಿಸುತ್ತಿದ್ದರು. ಮಾನ್ಯರೇ, ಇವತ್ತಿಗೂ ಆ ಏಳು ಅತ್ತೆಯಂದಿರಲ್ಲಿ ಒಬ್ಬರನ್ನೂ ತಾವು ತೆಗೆದುಹಾಕಿಲ್ಲ. ಕೊಟ್ಟ ಮಾತಿನಂತೆ ಆದಷ್ಟು ಬೇಗ ತೆಗೆಯಬೇಕಾಗಿ, ಸಾಧ್ಯವಾಗದಿದ್ದರೆ ಮಕ್ತುಂಬಿಯವರನ್ನೊಬ್ಬರನ್ನು ಬಿಟ್ಟು ಉಳಿದ ಆರು ಜನರನ್ನಾದರೂ ಎರಡು ವಾರದ ಮಟ್ಟಿಗೆ ತಮ್ಮ ಕಚೇರಿಯಲ್ಲಿ ಇಟ್ಟುಕೊಳ್ಳಬೇಕಾಗಿ ಕೋರುತ್ತೇವೆ.

ತಾವು ಕಲಿಸಿದ ಇಸ್ಪೀಟನ್ನು ಮರೆಯಲಾರೆ. ಯಾವ ಕೆಲಸ ಎಷ್ಟು ಕಷ್ಟ ಎಂದು ಅಂದಾಜು ಮಾಡಲು ಎಲ್ಲರೂ ಅಂಕಿಯ ಎಲೆಗಳನ್ನು ಹಿಡಿದು ಒಟ್ಟಿಗೆ ಎತ್ತಿ ತೋರಿಸಬೇಕೆಂದಿರಿ. ಕಿಟಕಿಯಿಂದ ಯಾರೋ ನೋಡಿದರು. ರಂಗಂಪೇಟೆಯ ಹೆಂಗಸರು ಬಾಗಿಲು ಹಾಕಿಕೊಂಡು ಎಲೆ ಆಡಾಕತ್ತಾರ ಎಂಬ ಸುದ್ದಿ ಸಂಜೆಗೆ ಸುರಪುರದ ಬಸ್ ನಿಲ್ದಾಣ ಮುಟ್ಟಿತ್ತು. ಇದರಿಂದ ಒಂದು ಲಾಭವೂ ಆಯಿತೆನ್ನಿ. ಪ್ರತಿ ಎರಡು ವಾರಕ್ಕೆ ನಮ್ಮ ಅಂಕ ಏರಬೇಕು, ಅದೇ ನಮ್ಮ ವೇಗ ಎಂದು ತಾವು ಹೇಳಿದ್ದೇ ತಡ, ಮೂರರ ಎಲೆ ಎತ್ತುತ್ತಿದ್ದಲ್ಲಿ ನಾವು ಎಂಟರ ಎಲೆ ಎತ್ತತೊಡಗಿದೆವು. ನಮ್ಮ ವೇಗ ಒಂದೇ ತಿಂಗಳಲ್ಲಿ ದುಪ್ಪಟ್ಟಾಗಿ, ತಾವು ಗೆರೆ ಬರೆದ ಹಾಳೆಯ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದಿರಿ. ಹೊಲಿದ ಕೌದಿಗಳು ಮೊದಲು ಎಷ್ಟಿದ್ದವೋ ಅಷ್ಟೇ ಇದ್ದವು, ಆದರೆ ಅವುಗಳ ಫೋಟೋ ಯಾರೂ ಕೇಳಲಿಲ್ಲ.

ಶಹಾಪುರದ ಬಸ್ ನಿಲ್ದಾಣದ ಹತ್ತಿರ ಚಹಾದ ಹೋಟೆಲು ಇಟ್ಟಿರುವ ಸುಲ್ತಾನಸಾಬರ ಕೌದಿಯ ಕಥೆಯಲ್ಲಿ ನಮ್ಮದೂ ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಅವರು ನಮ್ಮ ಹಳೆಯ ಗಿರಾಕಿ. ತಾಯಿಯ ಸೀರೆಗಳನ್ನು ಕೊಟ್ಟು ದೊಡ್ಡದೊಂದು ಕೌದಿ ಹೊಲಿಯಲು ಹೇಳಿದ್ದರು. ಪೂರ್ತಿ ಆಗುವ ತನಕ ಕಾಯಬೇಡಿ, ಪ್ರತಿ ಎರಡು ವಾರಕ್ಕೆ ಬಳಸಲು ಬರುವಂಥದ್ದನ್ನು ಗಿರಾಕಿಯ ಕೈಗೆ ಕೊಡಿ ಎಂದು ತಾವು ಹೇಳಿದ್ದನ್ನು ನಾವು ಅಕ್ಷರಕ್ಕೆ ಅಕ್ಷರ ಪಾಲಿಸಿ, ಕೌದಿಯ ಕಾಲು ಭಾಗವನ್ನು ಹೊಲಿದು ಬಸ್ಸಿನಲ್ಲಿ ಕಳಿಸಿಬಿಟ್ಟೆವು. ಸಂಜೆ ಫೋನು ಬಂತು. "ಬೆಹನ್ಜಿ, ಕೌದಿ ಮೊಣಕಾಲ ಮಟ ಬಂದದ್ರಿ. ಉಳದ ಸುಲ್ತಾನಸಾಬ ಎಲ್ಲಿ ಮಲಗಬೇಕ್ರಿ?" ಎಂದು ಅವರು ಕೇಳಿದರು. ತಾವು ಬಹಳ ಸಂತೋಷಪಟ್ಟು, ಗಿರಾಕಿಯ ಅಭಿಪ್ರಾಯ ಬೇಗ ಬಂದಿತು ನೋಡಿ, ಇದೇ ಅಜೈಲ್ ಎಂದು ಇನ್ನೊಂದು ಚೀಟಿ ಅಂಟಿಸಿದಿರಿ. ಎರಡು ತಿಂಗಳಲ್ಲಿ ಅವರಿಗೆ ನಾಲ್ಕು ಕಾಲುಭಾಗಗಳು ತಲುಪಿದವು. ಪ್ರತಿಯೊಂದಕ್ಕೂ ತನ್ನದೇ ಅಂಚು ಇದ್ದದ್ದರಿಂದ ಅವು ಒಂದಕ್ಕೊಂದು ಕೂಡಲಿಲ್ಲ. ಕೌದಿಯ ಹೊಲಿಗೆ ಮೂಲೆಯಲ್ಲಿ ಹಿಡಿದು, ಅಂಚು ಸುತ್ತಿ, ಒಳಗೊಳಗೆ ತಿರುಗುತ್ತ ನಡುವಿಗೆ ಬಂದು ಮುಗಿಯುತ್ತದೆ. ಅದನ್ನು ಹಣ್ಣಿನ ಹಾಗೆ ನಾಲ್ಕು ಹೋಳು ಮಾಡಲು ಬರುವುದಿಲ್ಲ. ಇದು ಗೊತ್ತಿದ್ದೂ ಹೊಲಿದೆವಲ್ಲ ಎಂಬ ನಾಚಿಕೆ ನಮಗೆ ಈಗಲೂ ಇದೆ. ಆ ನಾಲ್ಕರಲ್ಲಿ ಮೂರನ್ನು ಸುಲ್ತಾನಸಾಬರು ಹೋಟೆಲಿನ ಬೆಂಚುಗಳ ಮೇಲೆ ಹಾಸಿದ್ದಾರೆ, ಒಂದು ಅವರ ಆಡಿನ ಮೈಮೇಲಿದೆ. ಆಡು ಇದುವರೆಗೆ ಯಾವ ದೂರನ್ನೂ ಕೊಟ್ಟಿಲ್ಲ.

ಇನ್ನು ಹಸಿವಿನ ಮಾತು. ನಮ್ಮಲ್ಲಿ ಕೌದಿಯ ಹೊಲಿಗೆ ತಿರುಗಿ ತಿರುಗಿ ನಡುವಿಗೆ ಬಂದಾಗ ಅಲ್ಲಿ ಒಂದು ಅಂಗೈಯಗಲ ಬಾಯಿ ಬಿಡುತ್ತೇವೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಉಗುರಿನಷ್ಟು ಹೋಳಿಗೆಯ ಚೂರು ಇಟ್ಟು, ಆಮೇಲೆ ಹೊಲಿದು ಮುಚ್ಚುತ್ತೇವೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ನಮ್ಮ ಹಿರಿಯರು ಹೇಳಿದ್ದು. ತಾವು ಇದಕ್ಕೂ ಚೀಟಿ ಇದೆಯೇ ಎಂದು ಹಲಗೆ ನೋಡಿದಿರಿ. ಇರಲಿಲ್ಲ. "ಇದರಿಂದ ಗಿರಾಕಿಗೆ ಏನೂ ಉಪಯೋಗ ಇಲ್ರಿ, ಇರಿವಿ ಬೇರೆ ಬರತಾವ, ಇದನ್ನ ಬಿಟ್ಟುಬಿಡ್ರಿ" ಎಂದಿರಿ. ಹೀಗೆ ಹೈದರಾಬಾದಿನ ಪ್ರದರ್ಶನಕ್ಕೆಂದು ಹೊಲಿದ ಕೌದಿಗಳೆಲ್ಲ ಉಪವಾಸವೇ ಹೊರಟವು. ಒಂದೊಂದರ ಹೊಟ್ಟೆ ಮುಚ್ಚುವಾಗಲೂ ಮಕ್ತುಂಬಿಯವರು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ನಾನು ಕಾರ್ಯದರ್ಶಿಯಾಗಿ ಆಗ ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ.

ಇಲ್ಲಿಯವರೆಗಿನದನ್ನೆಲ್ಲ ನಾವು ನಕ್ಕು ಮರೆಯುತ್ತಿದ್ದೆವು. ಈ ಪತ್ರ ಬರೆಯಬೇಕಾಗಿ ಬಂದದ್ದು ಮೂವತ್ತೊಂದನೆಯ ಚೀಟಿಯ ದೆಸೆಯಿಂದ.

ನಮ್ಮ ಸಂಘದ ಹಣಮಂತಮ್ಮನ ಮಗಳು ಮಲ್ಲೇಶ್ವರಿ ಚೊಚ್ಚಲ ಬಸುರಿ. ತವರಿನಿಂದ ಕೂಸಿಗೆ ಕೌದಿ ಹೋಗಬೇಕು, ಅದು ಮುತ್ತಜ್ಜಿಯ ಸೀರೆಯದಾಗಿರಬೇಕು ಎಂಬುದು ಅವರ ಮನೆಯ ನಡೆ. ಹಣಮಂತಮ್ಮ ತೀರಿಹೋದ ತನ್ನ ತಾಯಿಯ ಎರಡು ಸೀರೆಗಳನ್ನು ತೊಳೆದು, ಮಡಿಚಿ, ಸಂಘದ ಟ್ರಂಕಿನಲ್ಲಿ ಇಟ್ಟಿದ್ದಳು. ಇದೂ ಕೆಲಸವೇ, ಇದಕ್ಕೂ ಚೀಟಿ ಬರೆಯಿರಿ ಎಂದು ತಾವು ಹೇಳಿದಾಗ ಅವಳು ಬರೆಸಿದಳು. ಪ್ರದರ್ಶನದ ಕೆಲಸಗಳೆಲ್ಲ ಮೇಲೆ ಇದ್ದುದರಿಂದ ಅದು ಕಾಯುವ ಚೀಟಿಗಳ ಸಾಲಿನ ತಳದಲ್ಲಿ, ಮೂವತ್ತೊಂದನೆಯದಾಗಿ ಅಂಟಿತು. ಜನವರಿಗೆ ತಾನೆ ಹೆರಿಗೆ, ಆಗಲಿ ಎಂದು ಅವಳೂ ಒಪ್ಪಿದಳು.

ಡಿಸೆಂಬರಿನ ಒಂದು ಬುಧವಾರ ಬೆಳಿಗ್ಗೆ, ನಾವೆಲ್ಲ ಹಲಗೆಯ ಮುಂದೆ ನಿಂತಿದ್ದಾಗ ಯಾದಗಿರಿಯಿಂದ ಫೋನು ಬಂತು. ಒಂದು ತಿಂಗಳು ಮೊದಲೇ ಹೆರಿಗೆಯಾಗಿತ್ತು. ಹೆಣ್ಣುಕೂಸು, ಎರಡು ಕಿಲೋಗೂ ಕಡಿಮೆ ತೂಕ, ಆಸ್ಪತ್ರೆಯಲ್ಲಿ ಬೆಚ್ಚಗಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಶನಿವಾರ ಹೊರಗೆ ತೆಗೆದು ತಾಯಿಯ ಮಗ್ಗುಲಿಗೆ ಕೊಡುತ್ತೇವೆ, ಚಳಿ ಇದೆ, ಹಳೆಯ ಮೆತ್ತನೆಯ ಬಟ್ಟೆಯದು ಏನಾದರೂ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಿ ತನ್ನಿ ಎಂದು ನರ್ಸಮ್ಮ ಹೇಳಿದ್ದರು. ಹಣಮಂತಮ್ಮ ಫೋನು ಸೆರಗಿನಲ್ಲಿ ಸುತ್ತಿಕೊಂಡು, ಹಲಗೆಯ ಹತ್ತಿರ ಹೋಗಿ, ತಳದಲ್ಲಿದ್ದ ತನ್ನ ಚೀಟಿಯನ್ನು ಕಿತ್ತು ಎಲ್ಲಕ್ಕಿಂತ ಮೇಲೆ ಅಂಟಿಸಿದಳು. ಚೀಟಿ ಸೊಟ್ಟಗೆ ಅಂಟಿತು.

ಆಗ ತಾವು ಮಾಡಿದ್ದನ್ನು ಮರೆತಿರಬಹುದು ಎಂದು ನೆನಪಿಸುತ್ತಿದ್ದೇನೆ. "ಅಕ್ಕಾರ, ಸ್ಪ್ರಿಂಟ್ ನಡಕ ಚೀಟಿ ಸರಸಾಕ ಬರೂದಿಲ್ರಿ. ಎರಡು ವಾರಕ್ಕ ಅಂತ ಒಮ್ಮಿ ಹಿಡದ ಕೆಲಸ ಹಿಡದಂಗ ಮುಗೀಬೇಕು. ಒಂಬತ್ತ ದಿನ ತಡೀರಿ, ಮುಂದಿನ ಸ್ಪ್ರಿಂಟಿನಾಗ ನಿಮ್ಮದ ಮೊದಲ ಹಿಡಿಯೂಣು. ನಡಕ ಕೈ ಹಾಕಿದ್ರ ಅದು ಅಜೈಲ್ ಆಗೂದಿಲ್ಲ" ಎಂದು ಬಹಳ ಮೃದುವಾಗಿ ಹೇಳಿ, ಆ ಚೀಟಿಯನ್ನು ಮೇಲಿನಿಂದ ಕಿತ್ತು, ತಿರುಗಿ ತಳಕ್ಕೆ ಅಂಟಿಸಿ, ಸೊಟ್ಟಗಿದ್ದದ್ದನ್ನು ನೆಟ್ಟಗೂ ಮಾಡಿದಿರಿ. ಮಾನ್ಯರೇ, ಅಪ್ಪ ಹೇಳಿಕೊಟ್ಟ ಮರ್ಯಾದೆಯನ್ನು ಒಂದು ಸಾಲಿನ ಮಟ್ಟಿಗೆ ಬದಿಗಿಟ್ಟು ಹೇಳುತ್ತೇನೆ: ಆ ಹೊತ್ತಿನಲ್ಲಿ ತಮ್ಮ ಮೇಲೆ ನನಗೆ ಬಂದಷ್ಟು ಸಿಟ್ಟು ನನ್ನ ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಈಗ ತಿರುಗಿ ಪಾದ ಮುಟ್ಟುತ್ತಿದ್ದೇನೆ.

ಸಿಟ್ಟು ನನ್ನದಾದರೂ ಮಾತು ಬಂದದ್ದು ಮಕ್ತುಂಬಿಯವರ ಬಾಯಿಂದ. "ಹಂಗಾದ್ರ ಕೂಸಿಗೆ ನೀನ ಹೇಳ್ ಬಾ ತಮ್ಮಾ, ನಿನ್ನ ಸ್ಪ್ರಿಂಟ್ ಮುಗಿಯೂತನ ಹೊಟ್ಟ್ಯಾಗ ಕೂಡು ಅಂತ. ಅದು ಬಂದ ಬಿಟ್ಟದ. ಈಗೇನು ಒಳಗ ಕಳಸೂಣು?" ಎಂದವರೇ, ನಿಲ್ಲುವ ಸಭೆಯ ನಡುವೆ ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕುಳಿತುಬಿಟ್ಟರು. ಅವರ ಪಕ್ಕದಲ್ಲಿ ಮೊದಲು ಕುಳಿತವಳು ಸೊಸೆ ರುಕ್ಸಾನಾ. ಆಮೇಲೆ ಹಣಮಂತಮ್ಮ, ಆಮೇಲೆ ನಾವೆಲ್ಲರೂ. ಹಲಗೆಯ ಮುಂದೆ ನಿಂತವರು ತಾವೊಬ್ಬರೇ ಉಳಿದಿರಿ. ಗಡಿಯಾರ ನೋಡಿಕೊಂಡು, ಹದಿನೈದು ನಿಮಿಷ ಮುಗಿಯಿತು ಎಂದು ಹೇಳಿ ಯಾದಗಿರಿಯ ಬಸ್ಸು ಹತ್ತಿದಿರಿ.

ತಾವು ಹೋದ ಮೇಲೆ ನಡೆದದ್ದು ತಮ್ಮ ವರದಿಯಲ್ಲಿ ಇಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ಶನಿವಾರದೊಳಗೆ ಪೂರ್ತಿ ಅಳತೆಯ ಕೌದಿ ಆಗುವಂತಿರಲಿಲ್ಲ, ಕಾಲುಭಾಗ ಕಳಿಸಿದರೆ ಸುಲ್ತಾನಸಾಬರ ಆಡಿನ ಗತಿ. ಮಕ್ತುಂಬಿಯವರು ಸೀರೆಯ ಮೇಲೆ ಕೈಯಾಡಿಸಿ ನೋಡಿ, ಅರವತ್ತು ವರ್ಷದಲ್ಲಿ ಮಾಡದ ಒಂದು ಕೆಲಸ ಮಾಡಿದರು. "ಮೂಲಿ ಬ್ಯಾಡ. ನಡುವಿನಿಂದ ಹಿಡೀರಿ. ಕೂಸಿನಷ್ಟ ಮಾಡೂಣು. ಕೂಸು ಬೆಳದಂಗ ಸುತ್ತೂ ಅಂಚು ಕೂಡಸಿಕೋತ ಹೋಗೂಣು" ಎಂದರು. ಒಂದು ಮೊಳ ಅಗಲ, ಒಂದು ಮೊಳ ಉದ್ದ, ಆದರೆ ಪೂರ್ತಿ ಕೌದಿ. ಮಧ್ಯಾಹ್ನಕ್ಕೊಮ್ಮೆ ಮಲ್ಲೇಶ್ವರಿಗೆ ವಿಡಿಯೋ ಫೋನು ಮಾಡಿ ತೋರಿಸಿದೆವು. ಅವಳು ಹಾಸಿಗೆಯಲ್ಲೇ ಒರಗಿಕೊಂಡು, "ಅಜ್ಜಿ ಹಸರ ಸೀರಿ ತುಂಡು ಕೂಸಿನ ಮಾರಿ ಕಡೆ ಬರಲಿ ಬೇ" ಎಂದಳು, ತುಂಡು ಬದಲಿಸಿದೆವು. ನರ್ಸಮ್ಮ ಅದೇ ಫೋನಿನಲ್ಲಿ ಬಗ್ಗಿ ನೋಡಿ, ಇಷ್ಟು ದಪ್ಪ ಬೇಡ, ದಾರದ ಗಂಟು ಮೈಗೆ ಒತ್ತಬಾರದು ಎಂದರು. ನಾಲ್ಕು ಪದರದಲ್ಲಿ ಎರಡನ್ನು ಬಿಚ್ಚಿ ತೆಗೆದೆವು, ಗಂಟುಗಳನ್ನೆಲ್ಲ ಪದರದ ಒಳಗೆ ಸರಿಸಿದೆವು. ಯಾರೂ ಚೀಟಿ ಬರೆಯಲಿಲ್ಲ.

ಹೊಟ್ಟೆ ಮುಚ್ಚುವ ಹೊತ್ತಿಗೆ ನಾವೆಲ್ಲ ಮಕ್ತುಂಬಿಯವರ ಮುಖ ನೋಡಿದೆವು. ಇಷ್ಟು ಎಳೆಯ ಕೂಸಿನ ಹತ್ತಿರ ತಿನ್ನುವ ಪದಾರ್ಥ ಯಾವುದೂ ಬೇಡ ಎಂದು ನರ್ಸಮ್ಮ ಹೇಳಿಯಾಗಿತ್ತು. ತಾವು ಹೇಳಿದಾಗ ಮುಖ ತಿರುಗಿಸಿಕೊಂಡ ಹೆಣ್ಣುಮಗಳು ಅಂದು ನಕ್ಕರು. "ಕೂಸು ಉಣ್ಣಾಕ ಕಲೀಲಿ, ಆಮ್ಯಾಲ ಕೌದಿಗೂ ಉಣಸೂಣು. ಇಬ್ಬರೂ ಕೂಡೇ ಬೆಳೀತಾರ" ಎಂದು ಆ ಬಾಯಿಯನ್ನು ಹೊಲಿಯದೆ ಅಂಚು ಮಡಿಚಿ ಬಿಟ್ಟರು. ಶುಕ್ರವಾರ ಬಿಸಿನೀರಲ್ಲಿ ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಶನಿವಾರದ ಮೊದಲ ಬಸ್ಸಿಗೆ ಹಣಮಂತಮ್ಮ ಅದನ್ನು ಎದೆಗವಚಿಕೊಂಡು ಹತ್ತಿದಳು. ಅಂದು ಮಧ್ಯಾಹ್ನ ಕೂಸು ಮುತ್ತಜ್ಜಿಯ ಹಸಿರು ಸೀರೆಯ ಕಡೆ ಮುಖ ಮಾಡಿ ಮಲಗಿದ ಫೋಟೋ ಬಂತು. ಅಲ್ಲಿ ಹಣಮಂತಮ್ಮ, ಇಲ್ಲಿ ಹತ್ತು ಜನ, ಹೀಗೆ ಹನ್ನೊಂದು ಜನರೂ ಅತ್ತೆವು, ಅದರಲ್ಲಿ ಅತ್ತೆ ಸೊಸೆ ಒಬ್ಬರ ಹೆಗಲ ಮೇಲೊಬ್ಬರು ಅತ್ತರು ಎಂಬುದನ್ನು ಅಡ್ಡಿಗಳ ಸಾಲಿನಲ್ಲಿ ಬರೆದುಕೊಳ್ಳಬೇಕಾಗಿ ವಿನಂತಿ.

ಆಮೇಲೆ ನಾನು ತಾವು ಮೊದಲ ದಿನ ಹಂಚಿ, ಒಮ್ಮೆಯೂ ತೆರೆಯಿಸದ ಆ ಚಿಕ್ಕ ಪುಸ್ತಿಕೆಯನ್ನು ತೆಗೆದು ಓದಿದೆ. ಓದಿದವಳಿಗೆ ಬೆರಗಾಯಿತು. ಕಾಗದಕ್ಕಿಂತ ಮನುಷ್ಯರು ಮುಖ್ಯ, ಬಳಸಲು ಬರುವ ವಸ್ತು ಮುಖ್ಯ, ಗಿರಾಕಿಯನ್ನು ಜೊತೆಗೆ ಕೂಡಿಸಿಕೊಂಡು ಮಾಡಿ, ಹಾಕಿದ ಯೋಜನೆಗೆ ಜೋತುಬೀಳದೆ ಬದಲಾದ ಹೊತ್ತಿಗೆ ತಕ್ಕಂತೆ ಬದಲಾಗಿ ಎಂಬ ಅರ್ಥದ ಮಾತುಗಳೇ ಅದರ ತುಂಬ ಇದ್ದವು. ಅದರಲ್ಲಿ ಹಲಗೆಯ ಹೆಸರಿಲ್ಲ, ಇಸ್ಪೀಟಿನ ಹೆಸರಿಲ್ಲ, ನಿಲ್ಲಬೇಕೆಂದೂ ಇಲ್ಲ. ಗಟ್ಟಿಯಾಗಿ ಓದಿ ಹೇಳಿದಾಗ ಮಕ್ತುಂಬಿಯವರು, "ಇಷ್ಟ ಏನವ್ವಾ? ಪಾಪ, ಆ ಹುಡುಗಗ ಯಾರೂ ಓದಿ ಹೇಳಿಲ್ಲೇನು?" ಎಂದು ತಮ್ಮ ಬಗ್ಗೆ ಮರುಗಿದರು. ಸುಲ್ತಾನಸಾಬರಿಗೆ ತುಂಡು ಮಾಡಿ ಕಳಿಸಿದ್ದಕ್ಕೂ, ಕೂಸಿಗೆ ಚಿಕ್ಕದನ್ನು ಪೂರ್ತಿ ಮಾಡಿ ಕಳಿಸಿದ್ದಕ್ಕೂ ಇರುವ ಅಂತರವೇ ಅಜೈಲ್ ಎಂದು ನನ್ನ ಅಲ್ಪಮತಿಗೆ ತಿಳಿದಿದೆ. ತಪ್ಪಿದ್ದರೆ ತಾವು ತಿದ್ದಬೇಕು, ಪ್ರಮಾಣಪತ್ರ ಇರುವುದು ತಮ್ಮ ಹತ್ತಿರ.

ಹೀಗಿರಲಾಗಿ ಕಳೆದ ವಾರ ತಮ್ಮ ಪ್ರತಿಷ್ಠಾನದ ವಾರ್ಷಿಕ ವರದಿ ಹೊಳೆಯುವ ಕಾಗದದಲ್ಲಿ ಬಂತು. ಹನ್ನೊಂದನೆಯ ಪುಟದಲ್ಲಿ, ನಮ್ಮ ಫೋನಿನಿಂದ ತಾವು ಕೇಳಿ ಪಡೆದ ಕೂಸಿನ ಫೋಟೋ ಇದೆ, ಕೆಳಗೆ "ಅಜೈಲ್ ಶಿಸ್ತಿನಿಂದ ಮೂರೇ ದಿನಗಳಲ್ಲಿ ಕೌದಿ: ಮಾರ್ಗದರ್ಶಕ ರಾಮಲಿಂಗ ಅವರ ಯಶೋಗಾಥೆ" ಎಂದಿದೆ. ಪಕ್ಕದಲ್ಲಿ ತಾವು ಆಮೇಲೊಮ್ಮೆ ಬಂದು, ಹಲಗೆಯ ಮುಂದೆ ನಿಂತು ಮೂವತ್ತೊಂದನೆಯ ಚೀಟಿಯನ್ನು ಮುಗಿದ ಕೆಲಸಗಳ ಸಾಲಿಗೆ ಸರಿಸುತ್ತಿರುವ ಚಿತ್ರವಿದೆ. ಚೀಟಿ ನೆಟ್ಟಗೆ ಅಂಟಿದೆ. ಹಣಮಂತಮ್ಮನಿಗೆ ಓದಲು ಬರುವುದಿಲ್ಲ, ಓದಿ ಹೇಳಿದೆ. ಅವಳು ಎದ್ದು ಹೋಗಿ ಆ ಚೀಟಿಯನ್ನು ಕಿತ್ತು ರವಿಕೆಯೊಳಗೆ ಇಟ್ಟುಕೊಂಡಳು. ಇನ್ನು ಅದನ್ನು ಕೊಡಿ ಎಂದು ಯಾವ ಕಚೇರಿಯೂ ಕೇಳಬಾರದು.

ಕೊನೆಯದಾಗಿ ನಮ್ಮ ಬೇಡಿಕೆಗಳು ಸಣ್ಣವು. ಇನ್ನು ಮುಂದೆ ಜಿಲ್ಲೆಯಲ್ಲಿ ಕೂಸುಗಳು ಸ್ಪ್ರಿಂಟಿನ ಮೊದಲ ದಿನವೇ ಹುಟ್ಟುವಂತೆ ತಾವು ಏರ್ಪಾಟು ಮಾಡಬೇಕು. ಡಿಸೆಂಬರಿನ ಚಳಿಗೆ ಒಂದು ಚೀಟಿ ಬರೆದು ಕಾಯುವ ಸಾಲಿನಲ್ಲಿ ಅಂಟಿಸಬೇಕು. ಇವೆರಡೂ ಆಗದಿದ್ದರೆ, ಮುಂದಿನ ವರದಿಯಲ್ಲಿ ಒಂದೇ ಒಂದು ಸಾಲು ತಿದ್ದಿದರೆ ಸಾಕು: ಆ ಕೌದಿಯನ್ನು ಹೊಲಿದವರು ಹನ್ನೊಂದು ಜನ, ಅವರು ಅದನ್ನು ಹೊಲಿದದ್ದು ತಾವು ಬೇಡವೆಂದ ಮೇಲೆ. ಮುಂದಿನ ತಿಂಗಳು ಕೂಸಿಗೆ ಅನ್ನ ಮುಟ್ಟಿಸುತ್ತೇವೆ. ಅಂದೇ ಕೌದಿಗೂ ಹೋಳಿಗೆ ಇಟ್ಟು ಹೊಟ್ಟೆ ಮುಚ್ಚುತ್ತೇವೆ, ಇಷ್ಟರಲ್ಲಿ ಅದಕ್ಕೆ ಮೂರು ಸುತ್ತು ಅಂಚು ಕೂಡಿದೆ. ಮಕ್ತುಂಬಿಯವರು ತಮ್ಮನ್ನೂ ಕರೆಯಲು ಹೇಳಿದ್ದಾರೆ. ಬಂದರೆ ಕುಳಿತುಕೊಳ್ಳಬೇಕಾಗುತ್ತದೆ.

ಕಾಲು ಚಾಚಿ ಕುಳಿತಲ್ಲಿಂದಲೇ, ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟು ಬರೆದ,
ತಮ್ಮ ವಿಶ್ವಾಸಿ,
ರೇಣುಕಾದೇವಿ,
ರಂಗಂಪೇಟೆ, ಸುರಪುರ.

ವಿ.ಸೂ.: ಈ ಪತ್ರದ ಜೊತೆಗೆ ತಮಗೆ ಕಾಣಿಕೆಯಾಗಿ ಒಂದು ಕೌದಿಯನ್ನು ಬಸ್ಸಿನಲ್ಲಿ ಕಳಿಸಿದ್ದೇವೆ. ಹೆದರಬೇಡಿ, ಕಾಲುಭಾಗವಲ್ಲ, ಪೂರ್ತಿಯದು. ತಮ್ಮಂಥವರ ಕೌದಿ ಹಸಿದಿರುವುದು ನಮ್ಮ ಸಂಘಕ್ಕೆ ಶೋಭೆಯಲ್ಲ. ಹೋಳಿಗೆ ಇಟ್ಟರೆ ಇರುವೆ ಬರುತ್ತವೆಂಬ ತಮ್ಮ ಮಾತಿಗೆ ಬೆಲೆ ಕೊಟ್ಟು, ಹಲಗೆಯ ಮೇಲೆ ಉಳಿದಿದ್ದ ಹಳದಿ ಚೀಟಿಗಳನ್ನೆಲ್ಲ ಒಂದೂ ಬಿಡದೆ ಅದರ ಹೊಟ್ಟೆಗೆ ತುಂಬಿ ಹೊಲಿದಿದ್ದೇವೆ. ಮಗ್ಗುಲು ಬದಲಿಸಿದಾಗಲೆಲ್ಲ ಒಳಗಿನಿಂದ ಸರಸರ ಗೊಣಗಾಟ ಕೇಳಿಸಿದರೆ ಗಾಬರಿಯಾಗಬಾರದು. ಏಳೂ ಅತ್ತೆಯಂದಿರು ಅದರೊಳಗೇ ಇದ್ದಾರೆ.